ಪಟ್ಟಿ ಇದ್ದರೆ ಸಾಲದು, ಹಾಡೂ ಇರಬೇಕು



ಕಳೆದ ತಿಂಗಳು ಭಾನುವಾರದ ಬಲಿಪೂಜೆ ಮುಗಿಸಿ ಹೊರಬರುವಾಗ ಗಾನವೃಂದದ ಒಬ್ಬ ತಂಗಿ ನನ್ನನ್ನು ತಡೆದು ನಿಲ್ಲಿಸಿದಳು. "ಅಣ್ಣ, ನಮ್ಮ ಹಾಡುಗಳನ್ನೆಲ್ಲ ಪ್ಲೇಲಿಸ್ಟ್ ಮಾಡಿ ಇಟ್ಟಿದ್ದೆ. ಹೊಸ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದೆ. ಈಗ ಹೆಸರುಗಳೆಲ್ಲ ಕಾಣುತ್ತವೆ, ಒತ್ತಿದರೆ ಒಂದೂ ಹಾಡುವುದಿಲ್ಲ. ಪಟ್ಟಿ ಇದೆ, ಹಾಡಿಲ್ಲ!" ಎಂದು ಅಳುಮುಖ ಮಾಡಿದಳು. ಅವಳ ಮನೆಯ ಕಂಪ್ಯೂಟರಿನಲ್ಲಿ ಹಾಡುಗಳು ಹಾಗೆಯೇ ಇದ್ದವು, ಹಾಗಾಗಿ ಹತ್ತು ನಿಮಿಷದಲ್ಲಿ ಸಮಸ್ಯೆ ಮುಗಿಯಿತು. ಆದರೆ "ಪಟ್ಟಿ ಇದೆ, ಹಾಡಿಲ್ಲ" ಎಂಬ ಮಾತು ನನ್ನನ್ನು ಗೋವೆಯ ಕೊರ್ತಾಲಿಮ್‌ಗೆ, ನನ್ನ ಅಕ್ಕನ ಮನೆಗೆ ಕರೆದುಕೊಂಡು ಹೋಯಿತು. ಅಲ್ಲಿ ನಾವು ಒಂದೇ ಹಾಡನ್ನು ಎರಡು ಸಲ ಕಳೆದುಕೊಂಡೆವು. ಮೊದಲ ಸಲ ತಪ್ಪು ನನ್ನದು. ಆ ಕಥೆಯನ್ನೇ ಈ ತಿಂಗಳು ಹೇಳುತ್ತೇನೆ. ನಿಮ್ಮ ಮನೆಯಲ್ಲೋ ನಿಮ್ಮ ಗಾನವೃಂದದಲ್ಲೋ ಧ್ವನಿಮುದ್ರಣ ಮಾಡುವವರಿದ್ದರೆ ಅವರಿಗೂ ಓದಿ ಹೇಳಿ.

ಕೊರ್ತಾಲಿಮ್‌ನ ಆ ರಾತ್ರಿ

ವಾಸ್ಕೋದಿಂದಾಗಲಿ ಮಡಗಾವಿನಿಂದಾಗಲಿ ಪಣಜಿಗೆ ಹೋಗುವವರು ಜುವಾರಿ ನದಿಯನ್ನು ದಾಟುವ ಊರು ಕೊರ್ತಾಲಿಮ್. 1983ರಲ್ಲಿ ಸೇತುವೆ ಆಗುವ ತನಕ ಇಲ್ಲಿಂದ ಆಗಶಿಗೆ ಫೆರಿಯಲ್ಲೇ ದಾಟಬೇಕಿತ್ತು. ಸಂತ ಫಿಲಿಪ್ಪ ಮತ್ತು ಸಂತ ಯಕೋಬರ ಹೆಸರಿನ ಹಳೆಯ ದೇವಾಲಯ ಇಲ್ಲಿದೆ. ಹತ್ತಿರದ ಜುವಾರಿನಗರಕ್ಕೆ ಗೊಬ್ಬರದ ಕಾರ್ಖಾನೆಯ ಕಾಲದಿಂದ ಉತ್ತರ ಕರ್ನಾಟಕದ ಜನ ದುಡಿಯಲು ಬಂದಿದ್ದಾರೆ. ಹಾಗೆ ಬಂದವರಲ್ಲಿ ನಮ್ಮ ಭಾವನೂ ಒಬ್ಬರು. ಹುಬ್ಬಳ್ಳಿ ಕಡೆಯವರು. ಅವರ ತಾಯಿಯನ್ನು ನಾವೆಲ್ಲ ಅವ್ವ ಎಂದೇ ಕರೆಯುತ್ತಿದ್ದೆವು.

2004ರ ನವೆಂಬರ್ 21ರಿಂದ 2005ರ ಜನವರಿ 2ರವರೆಗೆ ಹಳೆ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರದ ದರ್ಶನ ನಡೆಯಿತು. ಹತ್ತು ವರ್ಷಕ್ಕೊಮ್ಮೆ ಬರುವ ಭಾಗ್ಯ. ಊರಿನಿಂದ ನೆಂಟರಿಷ್ಟರು ವಾಸ್ಕೋ ರೈಲು ಹಿಡಿದು ಬಂದರು. ಅಕ್ಕನ ಮನೆಯ ಮೂರು ಕೋಣೆಯಲ್ಲಿ ಇಪ್ಪತ್ತೆರಡು ಜನ! ರಾತ್ರಿ ಊಟವಾದ ಮೇಲೆ ಜಪಸರ, ಜಪಸರವಾದ ಮೇಲೆ ಹಾಡು.

ಭಾವನ ತಮ್ಮ ಹಡಗಿನಲ್ಲಿ ಕೆಲಸ ಮಾಡುತ್ತಿದ್ದ. ಅವನು ಹೊರದೇಶದಿಂದ ಒಂದು ಮಿನಿಡಿಸ್ಕ್ ರೆಕಾರ್ಡರು ತಂದಿದ್ದ. ಅದನ್ನು ನೋಡದವರಿಗಾಗಿ ಹೇಳುತ್ತೇನೆ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ 64 ಮಿಲಿಮೀಟರ್ ಅಗಲದ ತಟ್ಟೆ. ಸೋನಿ ಕಂಪನಿ ಇದನ್ನು 1992ರಲ್ಲಿ ಮಾರುಕಟ್ಟೆಗೆ ತಂದಿತು. ಲೇಸರ್ ಬೆಳಕು ತಟ್ಟೆಯ ಒಂದು ಚುಕ್ಕೆಯನ್ನು ಬಿಸಿ ಮಾಡುತ್ತದೆ, ಮೇಲಿನ ಅಯಸ್ಕಾಂತ ಅಲ್ಲಿ ಗುರುತು ಹಾಕುತ್ತದೆ. ಕ್ಯಾಸೆಟ್ಟಿನ ಹಾಗೆ ಟೇಪು ಸಿಕ್ಕಿಕೊಳ್ಳುವ ಕಾಟವಿಲ್ಲ. ಒಂದರ ಮೇಲೊಂದು ಎಷ್ಟು ಸಲ ಬೇಕಾದರೂ ಮುದ್ರಿಸಬಹುದು. ಒಂದು ತಟ್ಟೆಗೆ 74 ಇಲ್ಲವೇ 80 ನಿಮಿಷ.

ಮೊದಲ ರಾತ್ರಿ ಯಂತ್ರದ ಉಸ್ತುವಾರಿ ನನ್ನದು. ಅವ್ವ ಅಂದು ತಮ್ಮ ತವರಿನಲ್ಲಿ ತಪಸ್ಸುಕಾಲದಲ್ಲಿ ಹಾಡುತ್ತಿದ್ದ ಒಂದು ಶಿಲುಬೆ ಹಾದಿಯ ಹಾಡನ್ನು ಹಾಡಿದರು. ಯಾವ ಪುಸ್ತಕದಲ್ಲೂ ಇಲ್ಲದ ಹಾಡು. ಅವರ ತಾಯಿ ಹೇಳಿಕೊಟ್ಟದ್ದು, ತಾಯಿಗೆ ಅವರ ತಾಯಿ. ಹದಿನಾಲ್ಕು ಸ್ಥಳಕ್ಕೆ ಹದಿನಾಲ್ಕು ನುಡಿ. ಹಾಡು ಮುಗಿದಾಗ ಮಕ್ಕಳೂ ಸುಮ್ಮನಾಗಿದ್ದರು. ನಾನು 'ಸ್ಟಾಪ್' ಒತ್ತಿದೆ. ಯಂತ್ರದ ಕಿಟಕಿಯಲ್ಲಿ 'ಟಿ.ಓ.ಸಿ.' ಎಂಬ ಮೂರು ಅಕ್ಷರ ಮಿಣುಕುತ್ತಿತ್ತು. ಅದು ಏನೆಂದು ನನಗೆ ಗೊತ್ತಿರಲಿಲ್ಲ. ಚಹಾ ಕುಡಿಯಲು ಎದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಬಂದ ಮೇಲೆ ನೋಡಿದರೆ ತಟ್ಟೆ ಖಾಲಿ. ಒಂದೂಕಾಲು ಗಂಟೆಯ ಹಾಡು ಹೋಗಿತ್ತು.

ನಾನು ತಲೆ ತಗ್ಗಿಸಿ ಕೂತಾಗ ಅವ್ವ ನಕ್ಕರು. "ಹೋಗ್ಲಿ ಬಿಡಪ್ಪಾ, ಲೈಟ್ ಹೋತು, ನನ್ನ ದನಿ ಹೋಗಿಲ್ಲಲ್ಲ. ನಾಳೆ ಮತ್ತ ಹಾಡತೇನಿ."

ಮರುದಿನ ಹಳೆ ಗೋವೆಯ ಸಾಲಿನಲ್ಲಿ ನಿಂತು ನಿಂತು ಅವರ ಗಂಟಲು ಕಟ್ಟಿತ್ತು. ಆದರೂ ಸಂಜೆ, ಕರೆಂಟಿನ ಮೇಲೆ ಭರವಸೆ ಇಲ್ಲವೆಂದು ಬೆಳಕಿರುವಾಗಲೇ, ಕೆಮ್ಮುತ್ತಾ ಎರಡು ನುಡಿ ಹಾಡಿದರು. "ಉಳಿದದ್ದು ಮುಂದಿನ ಸಲ" ಎಂದರು. ಆ ಮುಂದಿನ ಸಲ ಬರಲಿಲ್ಲ. ನಾಲ್ಕೈದು ಸಲ ಹೋಗಿ ಬಂದಿದ್ದೇನೆ, ಪ್ರತಿಸಲವೂ ಏನೋ ಅವಸರ. 2011ರಲ್ಲಿ ಅವ್ವ ಪ್ರಭುವಿನ ಪಾದ ಸೇರಿದರು.

ಆ ಮೂರು ಅಕ್ಷರ

'ಟಿ.ಓ.ಸಿ.' ಎಂದರೆ ಪರಿವಿಡಿ. ಪುಸ್ತಕದ ಮೊದಲಲ್ಲಿ ಯಾವ ಅಧ್ಯಾಯ ಯಾವ ಪುಟದಲ್ಲಿ ಎಂದು ಇರುತ್ತದಲ್ಲ, ಹಾಗೆಯೇ ಮಿನಿಡಿಸ್ಕಿನ ಒಳಸುತ್ತಿನಲ್ಲಿ ಯಾವ ಹಾಡು ಎಲ್ಲಿ ಶುರು, ಎಲ್ಲಿ ಕೊನೆ, ಅದರ ಹೆಸರೇನು ಎಂದು ಬರೆದಿರುತ್ತದೆ. ನಾವು ಹಾಡುವಾಗ ಯಂತ್ರ ಧ್ವನಿಯನ್ನು ತಟ್ಟೆಯ ಮೇಲೆ ಬರೆಯುತ್ತಾ ಹೋಗುತ್ತದೆ. ಪರಿವಿಡಿಯನ್ನು ಮಾತ್ರ ತನ್ನ ನೆನಪಿನಲ್ಲಿ ಇಟ್ಟುಕೊಂಡು, ತಟ್ಟೆಯನ್ನು ಹೊರತೆಗೆಯುವಾಗಲೋ ಯಂತ್ರವನ್ನು ಅದರ ಗುಂಡಿಯಿಂದಲೇ ಆರಿಸುವಾಗಲೋ ಬರೆಯುತ್ತದೆ. ಅದಕ್ಕೂ ಮೊದಲೇ ಕರೆಂಟು ಹೋದರೆ, ಧ್ವನಿ ತಟ್ಟೆಯ ಮೇಲೆ ಇದ್ದರೂ ಅದು ಅಲ್ಲಿದೆ ಎಂದು ಹೇಳುವವರಿಲ್ಲ. ಯಂತ್ರಕ್ಕೆ ಅದು ಖಾಲಿ ತಟ್ಟೆ. ಅದರ ಮೇಲೆ ಮತ್ತೊಮ್ಮೆ ಮುದ್ರಿಸಿದರೆ ನಿಜವಾಗಿಯೂ ಖಾಲಿ. ನಾನು ಮರುದಿನ ಸಂಜೆ ಮಾಡಿದ್ದು ಅದನ್ನೇ. ಅದೇ ತಟ್ಟೆಯ ಮೇಲೆ ಅವ್ವನ ಎರಡು ನುಡಿ ಮುದ್ರಿಸಿ ಹದಿನಾಲ್ಕು ನುಡಿಗಳನ್ನು ಶಾಶ್ವತವಾಗಿ ಅಳಿಸಿದೆ.

ಇದು ಹಳೆಯ ಯಂತ್ರದ ಕಥೆ ಎಂದು ಪುಟ ತಿರುಗಿಸಬೇಡಿ. ಇಂದಿನ ಮೆಮೊರಿ ಕಾರ್ಡಿನ ರೆಕಾರ್ಡರೂ, ನಿಮ್ಮ ಮೊಬೈಲೂ ಇದೇ ರೀತಿ. ಫೈಲನ್ನು ಅಳಿಸಿದರೆ ಮೊದಲು ಹೋಗುವುದು ಪರಿವಿಡಿಯ ಆ ಒಂದು ಸಾಲು, ಧ್ವನಿ ತುಸು ಕಾಲ ಅಲ್ಲೇ ಬಿದ್ದಿರುತ್ತದೆ. ಆದ್ದರಿಂದ ಕಾರ್ಡಿನಿಂದ ಏನಾದರೂ ತಪ್ಪಿ ಅಳಿಸಿಹೋದರೆ ಆ ಕ್ಷಣವೇ ಅದನ್ನು ತೆಗೆದಿಡಿ, ಅದರ ಮೇಲೆ ಹೊಸದೇನನ್ನೂ ಮುದ್ರಿಸಬೇಡಿ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಇದೆ. ಹೆಸರು ಫೋಟೋ ಎಂದಿದ್ದರೂ ಧ್ವನಿಯ ಫೈಲುಗಳನ್ನೂ ಎಷ್ಟೋ ಸಲ ಹುಡುಕಿ ಕೊಡುತ್ತದೆ.

ತಟ್ಟೆಯ ಮೇಲಿನ ಮನೆಗೆಲಸ

ಎರಡನೆಯ ದಿನದಿಂದ ನಾನು ಯಂತ್ರದ ಕೈಪಿಡಿ ಓದಲು ಕೂತೆ. ಮಿನಿಡಿಸ್ಕಿನಲ್ಲಿ ಐದು ಕೆಲಸ ಕಲಿತರೆ ಸಾಕು. 'ಡಿವೈಡ್' ಎಂದರೆ ಉದ್ದದ ಒಂದು ಮುದ್ರಣವನ್ನು ಹಾಡು ಹಾಡಾಗಿ ತುಂಡರಿಸುವುದು. 'ಕಂಬೈನ್' ಎಂದರೆ ತುಂಡುಗಳನ್ನು ಕೂಡಿಸುವುದು. 'ಮೂವ್' ಎಂದರೆ ಹಾಡಿನ ಸರದಿ ಬದಲಿಸುವುದು. 'ಎರೇಸ್' ಎಂದರೆ ಅಳಿಸುವುದು. 'ನೇಮ್' ಎಂದರೆ ಹೆಸರಿಡುವುದು. ಈ ಐದೂ ನಡೆಯುವುದು ಪರಿವಿಡಿಯಲ್ಲೇ, ಧ್ವನಿಯನ್ನು ಮುಟ್ಟುವುದಿಲ್ಲ. ಅದಕ್ಕೇ ಕ್ಷಣದಲ್ಲಿ ಆಗಿಬಿಡುತ್ತದೆ, ಅದಕ್ಕೇ ಕ್ಷಣದಲ್ಲಿ ಎಡವಟ್ಟೂ ಆಗುತ್ತದೆ.

ಒಂದು ಸಣ್ಣ ಉಪಾಯ. ಮೂರನೆಯ ಹಾಡನ್ನು ಅಳಿಸಿದರೆ ನಾಲ್ಕನೆಯದು ಮೂರಾಗುತ್ತದೆ, ಐದನೆಯದು ನಾಲ್ಕಾಗುತ್ತದೆ. ಕಾಗದದಲ್ಲಿ "3, 7, 9 ಬೇಡ" ಎಂದು ಬರೆದುಕೊಂಡು ಮೊದಲಿಂದ ಅಳಿಸುತ್ತಾ ಹೋದರೆ ಬೇಕಾದದ್ದೇ ಹೋಗಿಬಿಡುತ್ತದೆ. ಯಾವಾಗಲೂ ಕೊನೆಯಿಂದ ಅಳಿಸಿ. ಮೊದಲು 9, ಆಮೇಲೆ 7, ಆಮೇಲೆ 3.

'ಪ್ರೋಗ್ರಾಂ' ಎಂಬುದು ಬೇರೆ. ಅದೇ ಆ ಕಾಲದ ಪ್ಲೇಲಿಸ್ಟ್. ಇಂದಿನ ಪೂಜೆಯ ಅಭ್ಯಾಸಕ್ಕೆ 5, 2, 11 ಎಂಬ ಕ್ರಮದಲ್ಲಿ ಹಾಡಿಸು ಎಂದು ಯಂತ್ರಕ್ಕೆ ಹೇಳುವುದು. ಇದರಿಂದ ತಟ್ಟೆಯಲ್ಲಿ ಏನೂ ಬದಲಾಗುವುದಿಲ್ಲ. ಗಾನವೃಂದಕ್ಕೆ ಬೇಕಾಗುವುದು ಬಹುಪಾಲು ಇದೇ. ಪ್ರವೇಶ ಗೀತೆ, ಕಾಣಿಕೆ ಗೀತೆ, ಪರಮಪ್ರಸಾದ ಗೀತೆ, ಮುಕ್ತಾಯ ಗೀತೆ ಎಂದು ಜೋಡಿಸಲು ಅಳಿಸುವ, ಸರಿಸುವ ಗೊಡವೆಗೆ ಹೋಗಬೇಕಿಲ್ಲ.

ಇನ್ನೊಂದು, ಸಮಯ ಉಳಿಸುವ ಆಸೆ. 2000ರಲ್ಲಿ ಬಂದ ಎಂ.ಡಿ.ಎಲ್.ಪಿ. ವಿಧಾನದಲ್ಲಿ 80 ನಿಮಿಷದ ತಟ್ಟೆಗೆ 160 ನಿಮಿಷ, ಇಲ್ಲವೇ 320 ನಿಮಿಷ ತುಂಬಬಹುದು. ಪ್ರವಚನಕ್ಕೆ ಅದು ಸಾಕು. ಹತ್ತು ದನಿ ಕೂಡಿ ಹಾಡುವ ಹಾಡನ್ನು 320ರಲ್ಲಿ ತುಂಬಿದರೆ ದನಿಯ ಅಂಚು ಸವೆದು, ನೀರಿನಡಿಯಿಂದ ಬಂದ ಹಾಗೆ ಕೇಳಿಸುತ್ತದೆ. ಉಳಿಸಬೇಕಾದ ಹಾಡಿಗೆ ಮೊದಲ ದರ್ಜೆಯೇ ಇರಲಿ.

ಕೊನೆಯದಾಗಿ, ತಟ್ಟೆಯ ಡಬ್ಬಿಯ ಅಂಚಿನಲ್ಲಿ ಒಂದು ಪುಟ್ಟ ಬಾಗಿಲು ಇರುತ್ತದೆ. ಅದನ್ನು ಸರಿಸಿ ತೂತು ತೆರೆದಿಟ್ಟರೆ ಯಾರೂ ಅದರ ಮೇಲೆ ಬರೆಯಲಾರರು, ಅಳಿಸಲಾರರು. ಮೆಮೊರಿ ಕಾರ್ಡುಗಳಲ್ಲೂ ಇಂಥ ಬೀಗ ಉಂಟು. ಎರಡನೆಯ ಸಂಜೆ ಅವ್ವನ ಹಾಡು ಮುಗಿದು, ಪರಿವಿಡಿ ಬರೆದಾದ ಮೇಲೆ ನಾನು ಆ ಬಾಗಿಲನ್ನು ತೆರೆದಿಟ್ಟೆ. ಜೀವನದಲ್ಲಿ ನಾನು ಮಾಡಿದ ಕೆಲವು ಬುದ್ಧಿವಂತಿಕೆಯ ಕೆಲಸಗಳಲ್ಲಿ ಅದೂ ಒಂದು. ಆದರೆ ಹೆಸರಿಡಲು ಮಾತ್ರ ಸೋಮಾರಿತನ ಮಾಡಿದೆ. ಯಂತ್ರದಲ್ಲಿ ಅಕ್ಷರಗಳನ್ನು ಗುಂಡಿ ತಿರುಗಿಸಿ ಒಂದೊಂದಾಗಿ ಆರಿಸಬೇಕು, ಅದೂ ಕನ್ನಡದಲ್ಲಿ ಇಲ್ಲ. ಡಬ್ಬಿಯ ಚೀಟಿಯ ಮೇಲೆ "ಹಾಡು 1, ಹಾಡು 2, ಹಾಡು 3" ಎಂದು ಬರೆದು ಬಿಟ್ಟೆ.

ಎರಡನೆಯ ಸಲ ಕಳೆದದ್ದು

ಇಪ್ಪತ್ತು ವರ್ಷ ಕಳೆಯಿತು. 2022ರ ಕೊನೆಗೆ ಜುವಾರಿಯ ಮೇಲೆ ಹೊಸ ಸೇತುವೆಯ ಒಂದು ಬದಿ ತೆರೆಯಿತು. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಮತ್ತೆ ಸಂತ ಝೇವಿಯರರ ದರ್ಶನ. ಮತ್ತೆ ಅಕ್ಕನ ಮನೆಯಲ್ಲಿ ಜನ. ಅಂದು ಮಡಿಲಲ್ಲಿ ಮಲಗಿದ್ದವರು ಈಗ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು.

ಅಕ್ಕನ ಮೊಮ್ಮಗಳು ಕಾಲೇಜಿನಲ್ಲಿ ಓದುವ ಹುಡುಗಿ, ಚುರುಕು. ಅವಳು ಹಿಂದಿನ ವರ್ಷ ಮೂರೂ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸಿ, ಮೊಬೈಲಿನಲ್ಲಿ ಚೆಂದದ ಪ್ಲೇಲಿಸ್ಟ್ ಮಾಡಿದ್ದಳು. 34 ಹಾಡು. ರಾತ್ರಿ ಜಪಸರವಾದ ಮೇಲೆ ಹಾಕಿದಳು. ಒಬ್ಬೊಬ್ಬರ ದನಿ ಬಂದಾಗಲೂ "ಇದು ದೊಡ್ಡಪ್ಪ", "ಇದು ಚಿಕ್ಕಮ್ಮ" ಎಂದು ಕಣ್ಣು ಒರೆಸಿಕೊಂಡರು. ನಾನು ಕಾಯುತ್ತಲೇ ಇದ್ದೆ. 34 ಮುಗಿಯಿತು. ಅವ್ವನ ಹಾಡು ಇಲ್ಲ.

"ಎರಡನೇ ತಟ್ಟೆಯಲ್ಲಿ ಇನ್ನೊಂದು ಇರಬೇಕಲ್ಲ ಮಗಳೇ?" ಎಂದೆ. ಅವಳು ಯೋಚಿಸಿ ಹೇಳಿದಳು: "ಅಜ್ಜ, ಒಂದು ಇತ್ತು. ಹೆಸರಿರಲಿಲ್ಲ, ಬರೀ ಟ್ರ್ಯಾಕ್ ಒಂಬತ್ತು ಅಂತ. ಶುರುವಿಗೆ ಬರೀ ಪೊದೇರನ ಹಾರನ್ನು, ಯಾರೋ ಕೆಮ್ಮೋದು. ಗಲಾಟೆ ಅಂದ್ಕೊಂಡು ಡಿಲೀಟ್ ಮಾಡಿದೆ."

ಗೋವೆಯ ಸಂಜೆಗಳನ್ನು ಬಲ್ಲವರಿಗೆ ಪೊದೇರನ ಹಾರನ್ನು ಗೊತ್ತು. ಸೈಕಲ್ಲಿನ ಮೇಲೆ ಪಾವು ತರುವವನು ಪೊಂ ಪೊಂ ಎಂದು ಓಣಿ ಓಣಿಗೆ ಬರುತ್ತಾನೆ. ಬೆಳಕಿರುವಾಗಲೇ ಹಾಡಿದ್ದರಿಂದ ಅವನೂ ತಟ್ಟೆಯೊಳಗೆ ಸೇರಿದ್ದ. ಮಗು ಹತ್ತು ಸೆಕೆಂಡು ಕೇಳಿ ಕಸವೆಂದುಕೊಂಡಿತು. ಹೆಸರಿಡದೆ ಬಿಟ್ಟವನು ನಾನು, ಅವಳನ್ನು ಏನು ಅನ್ನಲಿ? ಫೈಲು ಹೋಗಿ ಒಂದು ವರ್ಷವಾಗಿತ್ತು, ಆ ಕಂಪ್ಯೂಟರಿನಲ್ಲಿ ಅದನ್ನು ಹುಡುಕಿ ಫಲವಿರಲಿಲ್ಲ. "ತಟ್ಟೆಗಳು ಎಲ್ಲಿವೆ?" ಎಂದೆ. ಯಾರಿಗೂ ಗೊತ್ತಿಲ್ಲ. ಕಂಪ್ಯೂಟರಿಗೆ ಇಳಿಸಿಯಾಯಿತಲ್ಲ, ಇನ್ನೇಕೆ ಎಂದು ಯಾರೋ ಎಸೆದಿರಬಹುದು ಎಂದರು.

ಶುಭಸಂದೇಶದಲ್ಲಿ ಒಂದು ನಾಣ್ಯ ಕಳೆದುಕೊಂಡ ಹೆಂಗಸು ದೀಪ ಹಚ್ಚಿ ಮನೆ ಗುಡಿಸಿದಳಲ್ಲ, ಆ ರಾತ್ರಿ ನನ್ನ ಅಕ್ಕ ಅದನ್ನೇ ಮಾಡಿದಳು. ಎಪ್ಪತ್ತು ದಾಟಿದವಳು, ಟಾರ್ಚು ಹಿಡಿದು ಅಟ್ಟದ ಪೆಟ್ಟಿಗೆಗಳನ್ನೆಲ್ಲ ಇಳಿಸಿದಳು. ರಾತ್ರಿ ಹನ್ನೊಂದೂವರೆಗೆ ಒಂದು ಬಿಸ್ಕತ್ತಿನ ಡಬ್ಬದಲ್ಲಿ, ಹಳೆಯ ಜಪಸರಗಳ ನಡುವೆ, ಮೂರು ತಟ್ಟೆ ಸಿಕ್ಕವು. ಭಾವನ ಯಂತ್ರ ಓದುವುದನ್ನು ಎಂದೋ ನಿಲ್ಲಿಸಿತ್ತು. ಮೊಮ್ಮಗಳು ಮೊದಲ ಸಲ ಎರವಲು ತಂದಿದ್ದ ಪುಟ್ಟ ಪ್ಲೇಯರನ್ನು ಮರುದಿನ ಮತ್ತೆ ತಂದಳು. ಎರಡನೆಯ ತಟ್ಟೆ, ಒಂಬತ್ತನೆಯ ಹಾಡು. ಪೊಂ ಪೊಂ. ಕೆಮ್ಮು. "ಹೂಂ, ಶುರು ಮಾಡಲೇನು?" ಎಂಬ ದನಿ. ಆಮೇಲೆ ಎರಡು ನುಡಿ.

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಭಾವ ಎದ್ದು ಹೊರಗೆ ಹೋದರು. ಮೊಮ್ಮಗಳು "ಅಜ್ಜ, ಇನ್ನೊಮ್ಮೆ ಹಾಕಲಾ?" ಎಂದಳು.

ನೀವು ಮಾಡಬೇಕಾದ್ದು

ಈ ಎರಡು ಕಳೆತಗಳಿಂದ ನಾವು ಕಲಿತದ್ದನ್ನು ಸರಳವಾಗಿ ಬರೆಯುತ್ತೇನೆ.

ಒಂದು. ಹಳೆಯ ತಟ್ಟೆ, ಕ್ಯಾಸೆಟ್ಟು ಇದ್ದರೆ ಈ ವರ್ಷವೇ ಇಳಿಸಿಕೊಳ್ಳಿ. ಸೋನಿ ಮಿನಿಡಿಸ್ಕ್ ವಾಕ್‌ಮನ್‌ಗಳನ್ನು ಕಳುಹಿಸುವುದನ್ನು 2011ರಲ್ಲಿ, ಮಿನಿಡಿಸ್ಕ್ ಇರುವ ಸ್ಟೀರಿಯೋಗಳನ್ನು 2013ರಲ್ಲಿ ನಿಲ್ಲಿಸಿತು. ಖಾಲಿ ತಟ್ಟೆಗಳ ತಯಾರಿಯೂ 2025ರ ಫೆಬ್ರವರಿಗೆ ಮುಗಿಯಿತು. ತಟ್ಟೆ ಗಟ್ಟಿಯಾಗಿದ್ದರೂ ಅದನ್ನು ಓದುವ ಯಂತ್ರ ಸಿಗದ ಕಾಲ ಬರುತ್ತಿದೆ. 2001ರ ನಂತರದ ನೆಟ್‌ಎಂಡಿ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸಬಹುದಾಗಿತ್ತು. ಆದರೆ ಜೊತೆಗೆ ಕೊಟ್ಟ ತಂತ್ರಾಂಶ ಹಾಡನ್ನು ಒಳಗೆ ಬಿಡುತ್ತಿತ್ತೇ ಹೊರತು, ಮೈಕಿನಲ್ಲಿ ನಾವೇ ಮುದ್ರಿಸಿದ್ದನ್ನು ಹೊರಗೆ ಕೊಡುತ್ತಿರಲಿಲ್ಲ. 2006ರಲ್ಲಿ ಬಂದ ಎಂಝಡ್-ಆರ್‌ಎಚ್1 ಎಂಬ ಮಾದರಿ ಹಳೆಯ ತಟ್ಟೆಗಳಿಂದಲೂ ಹೊರಗೆ ಕೊಟ್ಟಿತು. ಅದಿಲ್ಲದವರಿಗೆ ಸುಲಭದ ದಾರಿ ಒಂದಿದೆ. ಪ್ಲೇಯರಿನಿಂದ ತಂತಿ ಎಳೆದು ಕಂಪ್ಯೂಟರಿಗೆ ಹಾಕಿ, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಮುದ್ರಿಸುವುದು. 80 ನಿಮಿಷದ ತಟ್ಟೆಗೆ 80 ನಿಮಿಷ ಕೂರಬೇಕು. ಕೂತು ಕೇಳಿ. ಕೇಳುವುದೂ ಪ್ರಾರ್ಥನೆಯೇ.

ಎರಡು. ಮೂಲವನ್ನು ವೇವ್ ಫೈಲಾಗಿ ಇಡಿ. ನಿಮಿಷಕ್ಕೆ ಸುಮಾರು 10 ಎಂ.ಬಿ., 80 ನಿಮಿಷಕ್ಕೆ ಸುಮಾರು 800 ಎಂ.ಬಿ. ಆಗುತ್ತದೆ. ಹಂಚಲು, ಮೊಬೈಲಿನಲ್ಲಿ ಕೇಳಲು ಎಂಪಿ3 ಮಾಡಿಕೊಳ್ಳಿ. 128 ಕೆ.ಬಿ.ಪಿ.ಎಸ್. ದರದಲ್ಲಿ ನಿಮಿಷಕ್ಕೆ ಸುಮಾರು 1 ಎಂ.ಬಿ. ಎಂಪಿ3ಯನ್ನು ಮತ್ತೆ ವೇವ್ ಮಾಡಿದರೆ ಗಾತ್ರ ಬೆಳೆಯುತ್ತದೆಯೇ ವಿನಾ ಹೋದ ದನಿ ಮರಳುವುದಿಲ್ಲ. ಹಾಲಿನಿಂದ ಬೆಣ್ಣೆ ತೆಗೆದ ಮೇಲೆ ನೀರು ಸೇರಿಸಿ ಪ್ರಯೋಜನವೇನು?

ಮೂರು. ಅದೇ ದಿನ ಹೆಸರಿಡಿ. ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಆಮೇಲೆ ಹಾಡು, ಹಾಡಿದವರು. ಹೀಗಿಟ್ಟರೆ ಕಂಪ್ಯೂಟರು ತಾನೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ಸರದಿ ಸಂಖ್ಯೆ ಹಾಕುವುದಾದರೆ 1, 2 ಎನ್ನದೆ 01, 02 ಎಂದು ಬರೆಯಿರಿ. ಇಲ್ಲದಿದ್ದರೆ ಎಷ್ಟೋ ಯಂತ್ರಗಳು 1 ಆದ ಮೇಲೆ 10, 11 ಹಾಡಿಸಿ ಆಮೇಲೆ 2ಕ್ಕೆ ಬರುತ್ತವೆ. ಪ್ರವೇಶ ಗೀತೆಯ ಹಿಂದೆಯೇ ಮುಕ್ತಾಯ ಗೀತೆ ಬಂದು ಗಾನವೃಂದ ಕಕ್ಕಾಬಿಕ್ಕಿ! ಕನ್ನಡ ಅಕ್ಷರದ ಹೆಸರು ಹಳೆಯ ಪ್ಲೇಯರುಗಳಲ್ಲಿ ಬರೀ ಚೌಕಗಳಾಗಿ ಕಾಣಬಹುದು. ಅಂಥಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಿರಿ. ಇದೆಲ್ಲದರ ಜೊತೆಗೆ ಒಂದು ನೋಟುಬುಕ್ಕು ಇರಲಿ. ಯಾರು ಹಾಡಿದರು, ಯಾರಿಂದ ಕಲಿತರು, ಯಾವ ಊರು, ಹಿಂದೆ ಕೇಳುವ ಸದ್ದು ಯಾವುದು, ಎಲ್ಲ ಬರೆದಿಡಿ. "ಪೊದೇರನ ಹಾರನ್ನು, ಆಮೇಲೆ ಅವ್ವ" ಎಂದು ನಾನು ಒಂದು ಸಾಲು ಬರೆದಿದ್ದರೆ ಸಾಕಿತ್ತು.

ನಾಲ್ಕು. ಹಾಡುಗಳು ಒಂದೇ ಕಡೆ ಇರಲಿ, ಪಟ್ಟಿಗಳು ಎಷ್ಟಾದರೂ ಇರಲಿ. ಕಂಪ್ಯೂಟರಿನಲ್ಲಿ ನಾವು ಉಳಿಸುವ ಎಂ3ಯು ಎಂಬ ಪ್ಲೇಲಿಸ್ಟ್ ಬರೀ ಒಂದು ಚೀಟಿ. ಅದರಲ್ಲಿ ಹಾಡಿಲ್ಲ, ಹಾಡಿನ ಮನೆ ವಿಳಾಸ ಮಾತ್ರ ಇದೆ. ಹಾಡಿನ ಫೋಲ್ಡರನ್ನು ಬೇರೆಡೆಗೆ ಸರಿಸಿದರೆ ವಿಳಾಸ ತಪ್ಪುತ್ತದೆ. ನಮ್ಮ ಗಾನವೃಂದದ ತಂಗಿಗೆ ಆದದ್ದು ಅದೇ. ಚೀಟಿಯನ್ನು ಪೆನ್‌ಡ್ರೈವಿಗೆ ಹಾಕಿದಳು, ಹಾಡುಗಳನ್ನು ಮನೆಯಲ್ಲಿ ಬಿಟ್ಟಳು. ಪಟ್ಟಿಯನ್ನೂ ಹಾಡುಗಳನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಅಲ್ಲೇ ಪಟ್ಟಿಯನ್ನು ಉಳಿಸಿ, ಇಡೀ ಫೋಲ್ಡರನ್ನೇ ಒಯ್ಯಿರಿ. ಆಗಮನ ಕಾಲ, ಕ್ರಿಸ್ಮಸ್, ತಪಸ್ಸುಕಾಲ, ಪಾಸ್ಖ ಕಾಲ, ಸಾಧಾರಣ ಕಾಲ, ಮಾತೆ ಮರಿಯಳ ಹಬ್ಬಗಳು ಎಂದು ಪಟ್ಟಿ ಮಾಡಿ. ಒಂದೇ ಹಾಡು ಮೂರು ಪಟ್ಟಿಯಲ್ಲಿ ಬರಬಹುದು, ಅದಕ್ಕಾಗಿ ಮೂರು ನಕಲು ಬೇಡ. ಪಟ್ಟಿಯಿಂದ ತೆಗೆಯುವುದು ಬೇರೆ, ಯಂತ್ರದಿಂದ ಅಳಿಸುವುದು ಬೇರೆ. ಅಳಿಸಲೇ ಎಂದು ಯಂತ್ರ ಕೇಳಿದಾಗ ಒಂದು ಉಸಿರು ನಿಲ್ಲಿಸಿ ಓದಿ.

ಐದು. ಮೂರು ಪ್ರತಿ ಇರಲಿ. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಮನೆಯಲ್ಲಿ. ಪೆನ್‌ಡ್ರೈವ್ ಒಯ್ಯಲು ಒಳ್ಳೆಯದು, ಕಾಪಿಡಲು ಅಲ್ಲ. ಮನೆಯಲ್ಲಿ ಬರೆದ ಸಿ.ಡಿ.ಗಳೂ ವರ್ಷ ಕಳೆದಂತೆ, ಅದರಲ್ಲೂ ಬಿಸಿಲು, ತೇವ ತಾಗಿದರೆ, ಕೈಕೊಡುತ್ತವೆ. ಇಷ್ಟೆಲ್ಲ ಆದ ಮೇಲೂ ಮೂಲ ತಟ್ಟೆಯನ್ನು ಎಸೆಯಬೇಡಿ. ನಮಗೆ ಅವ್ವನನ್ನು ಮರಳಿ ಕೊಟ್ಟದ್ದು ಬಿಸ್ಕತ್ತಿನ ಡಬ್ಬ.

ಯಂತ್ರ ಹಾಡದಿರಲಿ, ನಾವು ಹಾಡೋಣ

ಕೊನೆಗೆ ಒಂದು ಎಚ್ಚರಿಕೆ. ಇಷ್ಟು ಚೆನ್ನಾಗಿ ಪಟ್ಟಿ ಮಾಡಿಟ್ಟ ಮೇಲೆ ಗಾನವೃಂದಕ್ಕೆ ಜನ ಬಾರದ ದಿನ ಪೂಜೆಯಲ್ಲಿ ಅದನ್ನೇ ಹಾಕಿಬಿಡೋಣ ಎಂಬ ಆಸೆ ಬರುತ್ತದೆ. ಧರ್ಮಸಭೆ ಇದನ್ನು ಬಹಳ ಹಿಂದೆಯೇ ಯೋಚಿಸಿದೆ. ಜಗದ್ಗುರು ಹನ್ನೆರಡನೇ ಭಕ್ತಿನಾಥರ ಕಾಲದಲ್ಲಿ, 1958ರ ಸೆಪ್ಟೆಂಬರ್ 3ರಂದು ಹೊರಟ ಪವಿತ್ರ ಸಂಗೀತದ ಸೂಚನೆ, ಆರಾಧನಾವಿಧಿಯಲ್ಲಿ ಗ್ರಾಮಫೋನು, ಟೇಪ್ ರೆಕಾರ್ಡರಿನಂಥ ಯಂತ್ರಗಳಿಂದ ಹಾಡಿಸಬಾರದು ಎಂದಿತು. ಜನರಿಗೆ ಹಾಡು ಕಲಿಸಲು ಬಳಸಬಹುದು ಎಂದೂ ಹೇಳಿತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರ ತನ್ನ ಆರಾಧನಾವಿಧಿಯ ಸಂವಿಧಾನದಲ್ಲಿ ಪವಿತ್ರ ಸಂಗೀತದ ಸಂಪತ್ತನ್ನು ಅತಿ ಜತನದಿಂದ ಕಾಪಾಡಿ ಬೆಳೆಸಬೇಕೆಂದು ಕೇಳಿಕೊಂಡಿತು, ಜೊತೆಗೆ ಜನರೆಲ್ಲ ಹಾಡುವಂತಾಗಬೇಕು ಎಂದಿತು. ಎರಡನ್ನೂ ಕೂಡಿಸಿ ನೋಡಿದರೆ ನಮ್ಮ ರೆಕಾರ್ಡರಿನ ಜಾಗ ಸ್ಪಷ್ಟವಾಗುತ್ತದೆ. ಅದು ಅಭ್ಯಾಸದ ಕೋಣೆಯ ಮೇಷ್ಟ್ರು, ಪೀಠದ ಬಳಿಯ ಹಾಡುಗಾರನಲ್ಲ.

ಕೊರ್ತಾಲಿಮ್‌ನ ಮಗ್ಗುಲಲ್ಲೇ ಸಾಂಕ್ವಾಳ್ ಇದೆ, ಸಂತ ಜೋಸೆಫ್ ವಾಜರ ತಂದೆಯ ಊರು. 1681ರಿಂದ 1684ರವರೆಗೆ ನಮ್ಮ ಕರಾವಳಿಯ ಕೆನರಾದಲ್ಲಿ ಸೇವೆ ಮಾಡಿ, ಮುಂದೆ ಸಿಲೋನಿಗೆ ಹೋಗಿ 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡವರು. ಅವರ ಕಾಲದ ಭಕ್ತರ ಬಳಿ ಯಾವ ಯಂತ್ರ ಇತ್ತು? ತಾಯಿ ಹಾಡಿದಳು, ಮಗಳು ಕೇಳಿದಳು, ಮಗಳು ಹಾಡಿದಳು. ಹೀಗೆಯೇ ಪ್ರಾರ್ಥನೆ ನಮ್ಮ ತನಕ ಬಂತು. ನಮ್ಮ ಕೈಯಲ್ಲಿ ಯಂತ್ರ ಇದೆ, ಅದರಲ್ಲಿದೆಯಲ್ಲ ಎಂಬ ಧೈರ್ಯದಲ್ಲಿ ನಾವು ಕಲಿಯುವುದನ್ನು ಬಿಟ್ಟೆವು. ಅವ್ವ ಇದ್ದಾಗ ನಾನು ಒಂದು ಸಲವಾದರೂ ಅವರ ಪಕ್ಕ ಕೂತು ಆ ಹದಿನಾಲ್ಕು ನುಡಿ ಕಲಿತಿದ್ದರೆ ಕರೆಂಟು ಹೋದದ್ದಕ್ಕೆ ಇಷ್ಟು ಮರುಗಬೇಕಿರಲಿಲ್ಲ.

ಆದರೆ ಉಳಿದದ್ದು ಉಳಿದಿದೆ. ಐದು ರೊಟ್ಟಿಯನ್ನು ಸಾವಿರಾರು ಜನರಿಗೆ ಹಂಚಿದ ಪ್ರಭು ಮಿಕ್ಕ ತುಂಡುಗಳನ್ನೂ ಬುಟ್ಟಿಗೆ ತುಂಬಿಸಿದರು, ಏನೂ ಹಾಳಾಗಬಾರದೆಂದು. ನಮ್ಮ ಪಾಲಿಗೆ ಸಿಕ್ಕ ಎರಡು ತುಂಡನ್ನು ಅಕ್ಕನ ಮೊಮ್ಮಗಳು ಹಾರನ್ನು, ಕೆಮ್ಮು ಏನನ್ನೂ ಕತ್ತರಿಸದೆ ಇಳಿಸಿ, ಹೆಸರಿಟ್ಟು, ಮೂರು ಕಡೆ ಇಟ್ಟಿದ್ದಾಳೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಳೆದ ತಪಸ್ಸುಕಾಲದಲ್ಲಿ ಅಕ್ಕ ಫೋನು ಮಾಡಿ "ಕೇಳು" ಎಂದು ಹಿಡಿದಳು. ಆಚೆ ಆ ಹುಡುಗಿ ಶಿಲುಬೆ ಹಾದಿಯ ಎರಡು ನುಡಿಯನ್ನು ಹಾಡುತ್ತಿದ್ದಳು, ಯಂತ್ರವಿಲ್ಲದೆ, ಬಾಯಿಂದಲೇ. ಅವ್ವ ಎಳೆಯುತ್ತಿದ್ದ ಕಡೆಯಲ್ಲೇ ಎಳೆದಳು.

ಈ ಭಾನುವಾರ ನಿಮ್ಮ ಮನೆಯ ಹಿರಿಯರ ಪಕ್ಕ ಕೂತು ಒಂದು ಹಾಡು ಹಾಡಿಸಿ. ಮುದ್ರಿಸಿಕೊಳ್ಳಿ, ಹೆಸರಿಡಿ, ಮಿಣುಕುವ ಅಕ್ಷರ ನಿಲ್ಲುವ ತನಕ ಕಾಯಿರಿ. ಆಮೇಲೆ ಅವರ ಜೊತೆ ನೀವೂ ಹಾಡಿ.